ಮುನ್ನೂರ ತೊಂಬತ್ತು

ಎಲ್ರಾಯ್ ಕ್ನುಟ್ಸನ್ನನ ಟ್ರಕ್ಕು ನನಗಿಂತ ಎರಡು ವರ್ಷಕ್ಕೆ ದೊಡ್ಡದು.
ಎಪ್ಪತ್ತೊಂದರ ಫೋರ್ಡು. ಹಸಿರಾಗಿತ್ತಂತೆ.
ನಾರ್ತ್ ಡಕೋಟಾದ ಗಾಳಿ ನೆಕ್ಕಿ ನೆಕ್ಕಿ
ಈಗ ತಾಮ್ರದ ಕಿಲುಬಿನ ಬಣ್ಣ.

"ಒಳಗಿರೋದು ಮುನ್ನೂರ ತೊಂಬತ್ತು," ಅನ್ನುತ್ತಾನೆ ಎಲ್ರಾಯ್.
ಮಾರಿದವನು ಹಾಗಂದಿದ್ದ. ಮಾರುವವರು ಹಾಗೇ ಅನ್ನುತ್ತಾರೆ.
"ಅರವತ್ತು. ಮುನ್ನೂರ ಅರವತ್ತು," ಅನ್ನುತ್ತಿದ್ದ
ಲಾವರ್ನ್ ಶ್ಮಿಟ್‌ಗಾಲ್.
ಗೋಧಿ ಗೋದಾಮಿನ ಕಾಫಿ ಮೂಲೆಯಲ್ಲಿ
ಇಪ್ಪತ್ತು ಡಾಲರಿನ ಪಂಥ,
ಮೂವತ್ತೊಂದು ಚಳಿಗಾಲ.
ಕ್ಯಾಲೆಂಡರಿನ ಹಿಂದೆ ಪಿನ್ನಿಗೆ ಸಿಕ್ಕಿಸಿದ ನೋಟು;
ಕ್ಯಾಲೆಂಡರು ಬದಲಾಯಿತು, ನೋಟು ಇಲ್ಲ.

ಹೊರಗಿನಿಂದ ಯಾರೂ ಹೇಳಲಾರರು.
ಅದೇ ಎರಕದ ಮೈ, ಅಷ್ಟೇ ಅಗಲದ ಎಂಟು ಗುಂಡಿ,
ಕೆಮ್ಮಿದರೂ ಒಂದೇ ಕೆಮ್ಮು.
ವ್ಯತ್ಯಾಸವೆಲ್ಲ ಹೊಟ್ಟೆಯೊಳಗೆ,
ಕ್ರ್ಯಾಂಕ್‌ಶಾಫ್ಟಿನ ಮೊಣಕೈ ಎಷ್ಟು ದೂರ ಚಾಚುತ್ತದೆ ಅನ್ನುವುದರಲ್ಲಿ.
ಒಂದರಲ್ಲಿ ಪಿಸ್ಟನ್ನು ಮೂರೂವರೆ ಇಂಚು ಇಳಿಯುತ್ತದೆ,
ಇನ್ನೊಂದರಲ್ಲಿ ಕಾಲು ಇಂಚು, ಮೇಲೊಂದು ಚೂರು, ಜಾಸ್ತಿ.
ಆ ಚೂರಿಗಾಗಿ ಒಮ್ಮೆ ಬಿತ್ತನೆಯಿಂದ ಕೊಯ್ಲಿನವರೆಗೆ
ಇಬ್ಬರೂ ಮಾತು ಬಿಟ್ಟಿದ್ದರು.

ಫೆಬ್ರವರಿಯಲ್ಲಿ ಲಾವರ್ನ್ ತೀರಿಕೊಂಡ.
ನೆಲ ಕಲ್ಲಾಗಿತ್ತು; ಹೂಳಲು ಏಪ್ರಿಲ್ ಬರಬೇಕಾಯಿತು.
ಮೇ ತಿಂಗಳಲ್ಲಿ ಎಲ್ರಾಯ್ ನನ್ನ ಶೆಡ್ಡಿಗೆ ಟ್ರಕ್ಕು ತಂದ.
"ಆಯಿಲ್ ಸೋರುತ್ತೆ."
ಸೋರುತ್ತಿರಲಿಲ್ಲ. ಅಥವಾ
ಹಳೆ ಫೋರ್ಡು ಎಷ್ಟು ಸೋರಬೇಕೋ ಅಷ್ಟು.
ಬೆನ್ನಿಗೇ ಬ್ಯೂಕ್ ಕಾರಿನಲ್ಲಿ ಲಾವರ್ನನ ಹೆಂಡತಿ ಆರ್ಡಿಸ್,
ಮಡಿಸುವ ಕುರ್ಚಿಯನ್ನು ತಾನೇ ತಂದಿದ್ದಳು.

ಮೊದಲು ಪ್ಲಗ್ಗಿನ ತೂತಿಗೆ ಮರದ ಕಡ್ಡಿ ಇಳಿಸಿ
ಎಂಜಿನ್ನು ಕೈಯಲ್ಲಿ ತಿರುಗಿಸಿ, ಗುರುತು ಹಾಕಿ, ಅಳೆದೆ.
"ಕಡ್ಡಿ ಓರೆ ನಿಂತಿದೆ," ಎಲ್ರಾಯ್.
ಅದೂ ನಿಜವೇ. ತೂತೇ ಓರೆ.

ಸರಿ, ಎಣ್ಣೆ ಇಳಿಸಿದೆ. ಎಂಜಿನ್ನು ಎರಡಿಂಚು ಎತ್ತಿ
ತೊಲೆಯ ಮೇಲೆ ಕೂರಿಸಿದೆ. ಪ್ಯಾನಿನ ಬೋಲ್ಟು
ಒಂದೊಂದೂ ಒಂದೊಂದು ಬೈಗುಳಕ್ಕೆ ಕಳಚಿತು.
ಒಳಗೆ ಮಸಿ, ಗಸಿ, ಐವತ್ತು ವರ್ಷದ ಕಪ್ಪು ಹಲ್ವ.
ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ತೂಕದ ಕಲ್ಲಿನಂಥ ಆ ಕಬ್ಬಿಣದ ಕೆನ್ನೆ
ಒರೆಸಿದೆ, ಮತ್ತೆ ಒರೆಸಿದೆ.
ಅಂಗೈ ಹುಣ್ಣಿಗೆ ಕನ್ನಡಿ ಬೇಡ.
ಇದಕ್ಕೆ ಬೇಕು, ಉದ್ದ ಹಿಡಿಯ ಪುಟ್ಟ ಕನ್ನಡಿ.

ಎರಡು ಅಂಕಿ, ಪಕ್ಕದಲ್ಲಿ ಒಂದಕ್ಷರ.
ಯು ಇದ್ದರೆ ತೊಂಬತ್ತು: ಕುದುರೆ ಲಾಳದ ಹಾಗೆ, ಅದೃಷ್ಟ.
ಟಿ ಇದ್ದರೆ ಅರವತ್ತು: ಬೇಲಿಗೂಟದ ಮೇಲೊಂದು ಅಡ್ಡಪಟ್ಟಿ.
ಕನ್ನಡಿಯಲ್ಲಿ ಎರಡು ಬೆನ್ನು ತಿರುಗಿಸಿ ನಿಂತಿತ್ತು.
ಟಿ ಮಾತ್ರ, ತಿರುಗಿದರೂ, ಟಿ.

ನಾನು ಬಾಯಿ ಬಿಡುವ ಮೊದಲೇ
"ಏಳು," ಅಂದಳು ಆರ್ಡಿಸ್. "ನಾನು ನೋಡ್ತೀನಿ."
ಎಪ್ಪತ್ತೆಂಟರ ಹೆಂಗಸು, ಚರ್ಚಿನ ಬೂಟು,
ಚಕ್ರದ ಹಲಗೆಯ ಮೇಲೆ ಅಂಗಾತ ಮಲಗಿ
ಎಂಜಿನ್ನಿನಡಿಗೆ ಜಾರಿದಳು.
ಬಹಳ ಹೊತ್ತು ಬೂಟಷ್ಟೇ ಕಾಣುತ್ತಿತ್ತು.
ಒಂದು ಸದ್ದು ಬಂತು, ನಗೆಯೋ ಏನೋ,
ಕಬ್ಬಿಣದ ಕೆಳಗೆ ಎಲ್ಲ ಸದ್ದೂ ಒಂದೇ ಥರ.

ಹೊರಬಂದು ಕೂತಳು.
"ಓದೋಕಾಗಲಿಲ್ಲ. ಕನ್ನಡಕ ಮನೇಲಿ ಮರೆತೆ."
ಕನ್ನಡಕ ಅವಳ ಮೂಗಿನ ಮೇಲಿತ್ತು.
ಎಲ್ರಾಯ್ ಅದನ್ನು ನೋಡಿದ.
ಹೆಬ್ಬೆರಳಿನ ಮಸಿಯನ್ನೂ.
ಟೋಪಿ ತೆಗೆದು ಮತ್ತೆ ಹಾಕಿಕೊಂಡ.
"ಮುಚ್ಚಿಬಿಡಮ್ಮ," ಅಂದ ನನಗೆ.

ಬಿಲ್ಲು ಬರೆದೆ: ಗ್ಯಾಸ್ಕೆಟ್ಟು ಒಂದು, ಆಯಿಲ್ಲು ಐದು ಕ್ವಾರ್ಟು.
ದೂರು, ಸೋರಿಕೆ. ಕಂಡದ್ದು
ಅನ್ನುವ ಜಾಗ ಖಾಲಿ ಬಿಟ್ಟೆ.

ಮೊನ್ನೆ ಗೋದಾಮಿನಲ್ಲಿ ಎಲ್ರಾಯ್,
ಯಾವನೋ ಹೊಸ ಹುಡುಗನಿಗೆ: "ಮುನ್ನೂರ ತೊಂಬತ್ತು ಕಣೋ."
ಹೇಳಿ, ಅಭ್ಯಾಸಕ್ಕೆ, ತಡೆದ.

ಗೋಡೆ ಬದಿಯ ಕುರ್ಚಿಯಲ್ಲಿ ಆರ್ಡಿಸ್
ಕಾಫಿಯಿಂದ ತಲೆ ಎತ್ತದೆ
"ಅರವತ್ತು," ಅಂದಳು.